ವಿಡಿಯೋ ಎಲ್ಲರೂ ನೋಡಿದ್ದಾರೆ, ಲೆಕ್ಕ ಯಾರಿಗೂ ಬರುತ್ತಿಲ್ಲ. ಏನು ಮಾಡಬಹುದು?

ಪ್ರಶ್ನೆ: ಸರಾಸರಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಪದವಿ ಮೊದಲ ವರ್ಷದವರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಹಿಂದೆ ಎಲ್ಲಾ ಬೋರ್ಡು, ಸೀಮೆಸುಣ್ಣ. ಈಗ ಪಾಠದ ಅರ್ಧ ಭಾಗ ರೆಕಾರ್ಡ್ ಆಗಿ ಕಾಲೇಜಿನ ಸಿಸ್ಟಮ್‌ನಲ್ಲಿ ಕೂತಿದೆ. ಮಕ್ಕಳು ಅದನ್ನು ಮೊದಲೇ ನೋಡಿಕೊಂಡು ಬರಬೇಕು, ಲೈವ್ ಕ್ಲಾಸಿನಲ್ಲಿ ಎಲ್ಲರೂ ಸೇರಿ ಲೆಕ್ಕ ಬಿಡಿಸಬೇಕು. ಯೋಜನೆ ಕೇಳೋಕೆ ಚೆನ್ನಾಗೇ ಇದೆ.

ಕಷ್ಟ ಏನಪ್ಪಾ ಅಂದರೆ, ಸಿಸ್ಟಮ್ ತೆಗೆದು ನೋಡಿದರೆ ಪ್ರತಿ ಹೆಸರಿನ ಮುಂದೂ ಹಸಿರು ಟಿಕ್ ಇದೆ. ಎಲ್ಲರೂ ವಿಡಿಯೋ ಮುಗಿಸಿದ್ದಾರೆ. ಸರಿ ಅಂತ ಲೈವ್‌ನಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದೆ. ಒಂದು ಗುಂಪಿನ ಅಂಕಗಳು 4, 5, 6. ಇನ್ನೊಂದು ಗುಂಪಿನವು 1, 5, 9. ಯಾವುದರ ಸ್ಟ್ಯಾಂಡರ್ಡ್ ಡೀವಿಯೇಷನ್ ಜಾಸ್ತಿ? ಸೂತ್ರ ಹಾಕೋದೇ ಬೇಡ, ಕಣ್ಣಲ್ಲಿ ನೋಡಿ ಹೇಳಿ ಅಂದೆ. ಚಾಟ್‌ನಲ್ಲಿ ಬಂದ ಉತ್ತರಗಳಲ್ಲಿ ಹೆಚ್ಚಿನವು "ಎರಡೂ ಒಂದೇ ಸರ್". ಯಾಕೆ ಅಂದರೆ, "ಎರಡಕ್ಕೂ ಸರಾಸರಿ 5 ಅಲ್ವಾ ಸರ್". ಅದೇ ಮಕ್ಕಳಿಗೆ ಸೂತ್ರ ಬರೆಯಿರಿ ಅನ್ನಿ, ಒಂದು ಚಿಹ್ನೆ ತಪ್ಪಿಲ್ಲದೆ ಬರೆಯುತ್ತಾರೆ. ಆ ಸೂತ್ರ ಅಳೆಯೋದು ಅಂಕಗಳು ಎಷ್ಟು ಚೆದುರಿವೆ ಅನ್ನೋದನ್ನ, ಎರಡನೇ ಗುಂಪಿನಲ್ಲಿ ಅದು ಮೊದಲನೆಯದರ ನಾಲ್ಕು ಪಟ್ಟು ಅನ್ನೋದು ಹೊಳೆಯುವುದೇ ಇಲ್ಲ.

ಹೋಂವರ್ಕ್ ಕಥೆ ಇನ್ನೂ ಚೆಂದ. ಉತ್ತರಗಳೆಲ್ಲಾ ಸರಿ. ಆದರೆ ಎಲ್ಲರ ಒಕ್ಕಣೆಯೂ ಒಂದೇ, ಎಲ್ಲದರ ಕೊನೆಗೂ ಒಂದು ನೀಟಾದ "ತೀರ್ಮಾನ". ಹದಿನೆಂಟು ವರ್ಷದ ಹುಡುಗರು ತಾವಾಗಿ ತೀರ್ಮಾನ ಬರೆಯುವ ಜಾತಿಯಲ್ಲ ಅಂತ ನಿಮಗೂ ಗೊತ್ತು.

ನನ್ನ ತಲೆಯಲ್ಲಿ ಮೂರು ಯೋಚನೆ ಓಡುತ್ತಿವೆ. ಐವತ್ತು ನಿಮಿಷದ ವಿಡಿಯೋಗಳನ್ನು ಕತ್ತರಿಸಿ ಚಿಕ್ಕದು ಮಾಡಲಾ? ಲೈವ್‌ನಲ್ಲಿ ಎಲ್ಲರೂ ಕ್ಯಾಮೆರಾ ಹಾಕಲೇಬೇಕು ಅಂತ ನಿಯಮ ತರಲಾ? ಎಐ ಬಳಸಿದರೆ ಸೊನ್ನೆ ಅಂತ ಹೇಳಿಬಿಡಲಾ? ಈ ತರಹದ ಕೆಲಸ ಮಾಡಿದವರು, ಅಥವಾ ಇಂಥ ಕ್ಲಾಸಿನಲ್ಲಿ ಕೂತು ಕಲಿತವರು ಹೇಳಿ. "ಹಳೇ ಕಾಲವೇ ಚೆನ್ನಾಗಿತ್ತು" ಅನ್ನೋ ಉತ್ತರ ಮಾತ್ರ ಬೇಡ, ಅದನ್ನ ನಮ್ಮ ಸ್ಟಾಫ್ ರೂಮಿನಲ್ಲೇ ಬೇಕಾದಷ್ಟು ಕೇಳುತ್ತೇನೆ.

ಉತ್ತರ: ಕತ್ತರಿ_ಕೆಲಸ

ಸರ್, ನನ್ನ ಕೆಲಸವೇ ಇದು. ಮೇಷ್ಟ್ರುಗಳು ರೆಕಾರ್ಡ್ ಮಾಡಿಕೊಟ್ಟ ಪಾಠ ಕತ್ತರಿಸೋದು, ನಡುವೆ ಪ್ರಶ್ನೆ ಸೇರಿಸೋದು, ಆಮೇಲೆ ಮಕ್ಕಳು ವಿಡಿಯೋದ ಯಾವ ಭಾಗ ಎಷ್ಟು ಸಲ ನೋಡಿದರು ಅನ್ನೋ ಗ್ರಾಫ್ ಹಿಡಿದುಕೊಂಡು ಅದೇ ಮೇಷ್ಟ್ರ ಜೊತೆ ವಾದ ಮಾಡೋದು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಆ ಹಸಿರು ಟಿಕ್. ಅದನ್ನು ನಂಬಲೇಬೇಡಿ. ಹೆಚ್ಚಿನ ಕಡೆ ಅದರ ಅರ್ಥ ಇಷ್ಟೇ: ಆ ಪುಟ ತೆರೆದಿದೆ, ಅಥವಾ ವಿಡಿಯೋ ಇಂತಿಷ್ಟು ಭಾಗ ಓಡಿದೆ. ಎಷ್ಟು ಭಾಗ ಓಡಿದರೆ ಟಿಕ್ ಬೀಳಬೇಕು ಅನ್ನೋದನ್ನೂ ಯಾರೋ ಸೆಟ್ಟಿಂಗ್‌ನಲ್ಲಿ ಕೂತು ಇಟ್ಟಿರುತ್ತಾರೆ. ಫೋನು ಮೇಜಿನ ಮೇಲೆ ಓಡುತ್ತಿರುತ್ತೆ, ಹುಡುಗ ಸ್ನಾನಕ್ಕೆ ಹೋಗಿರುತ್ತಾನೆ. ಟಿಕ್ ಬೀಳುತ್ತೆ.

ಟಿಕ್ ಬಿಟ್ಟು ಗ್ರಾಫ್ ತೆಗೆಯಿರಿ. ಎಲ್ಲಿ ಬಿಟ್ಟು ಹೋದರು ಅನ್ನೋದನ್ನ ಎಲ್ಲರೂ ನೋಡುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ಎಲ್ಲಿ ಹಿಂದಕ್ಕೆ ಎಳೆದು ಮತ್ತೆ ನೋಡಿದರು ಅನ್ನೋದು. ಗ್ರಾಫ್‌ನಲ್ಲಿ ಅಲ್ಲಿ ಒಂದು ಗುಡ್ಡ ಎದ್ದಿರುತ್ತೆ. ನಿಮ್ಮ ವಿಷಯದಲ್ಲಾದರೆ ಬಹುಶಃ ಪ್ರತಿ ಅಂಕಕ್ಕೂ ಸರಾಸರಿಗೂ ಇರುವ ವ್ಯತ್ಯಾಸಗಳನ್ನು ವರ್ಗ ಮಾಡುವ ಹೆಜ್ಜೆಯ ಹತ್ತಿರ ಇರಬಹುದು, ಯಾಕೆ ವರ್ಗ ಮಾಡಬೇಕು ಅಂತ ಅಲ್ಲಿ ಯಾರಿಗೂ ಹೊಳೆಯಲ್ಲ. ಗುಡ್ಡ ಕಂಡ ಕಡೆ ಎರಡೇ ಸಾಧ್ಯತೆ. ಒಂದೋ ಅಲ್ಲಿ ವಿಷಯ ಕಷ್ಟ, ಇಲ್ಲವೇ ನೀವು ಬರೆದದ್ದನ್ನು ಬೇಗ ಅಳಿಸಿಬಿಟ್ಟಿದ್ದೀರಿ. ಎರಡನೆಯದು ಎಷ್ಟು ಸಲ ಆಗುತ್ತೆ ಅಂದರೆ ನೀವು ನಂಬಲ್ಲ. ಬೋರ್ಡಿನಲ್ಲಿ ಎಡಗಡೆ ಬರೆದದ್ದು ಕ್ಲಾಸ್ ಮುಗಿಯೋವರೆಗೂ ಉಳಿಯುತ್ತಿತ್ತು. ಸ್ಲೈಡ್ ಹೋಯಿತು ಅಂದರೆ ಹೋಯಿತು.

ಈಗ ಚಿಕ್ಕದು ಮಾಡೋ ವಿಷಯ. 2014ರಲ್ಲಿ ಫಿಲಿಪ್ ಗುವೋ ಮತ್ತು ಜೊತೆಗಾರರು ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕಲಿಕೆಯ ತಾಣದ ಕೋರ್ಸುಗಳ ಸುಮಾರು 69 ಲಕ್ಷ ಸಲದ ವೀಕ್ಷಣೆಯ ಲೆಕ್ಕ ತೆಗೆದಿದ್ದರು. ವಿಡಿಯೋ ಎಷ್ಟೇ ಉದ್ದ ಇರಲಿ, ನಡುಮಟ್ಟದ ನೋಡುಗ ಒಂದು ಸಲಕ್ಕೆ ನೋಡಿದ್ದು ಹೆಚ್ಚೆಂದರೆ 6 ನಿಮಿಷ. ಅವತ್ತಿನಿಂದ "ಆರು ನಿಮಿಷ" ಅನ್ನೋದು ನಮ್ಮ ಉದ್ಯೋಗದಲ್ಲಿ ವೇದವಾಕ್ಯ ಆಗಿದೆ. ಆದರೆ ಅದು ಹೇಳೋದು ಎಷ್ಟು ಹೊತ್ತು ನೋಡಿದರು ಅಂತ ಮಾತ್ರ, ಎಷ್ಟು ಕಲಿತರು ಅಂತ ಅಲ್ಲ. ಐವತ್ತು ನಿಮಿಷದ ಪಾಠವನ್ನು ಒಂಬತ್ತು ತುಂಡು ಮಾಡಿ ಒಂದರ ಹಿಂದೆ ಒಂದು ಜೋಡಿಸಿದರೆ ನಿಮಗೆ ಸಿಗೋದು ಒಂಬತ್ತು ಹಸಿರು ಟಿಕ್.

ಕತ್ತರಿಸಿ, ಆದರೆ ಗಡಿಯಾರ ನೋಡಿ ಬೇಡ. ಎಲ್ಲಿ ಪ್ರಶ್ನೆ ಕೇಳಬಹುದೋ ಅಲ್ಲಿ ಕತ್ತರಿಸಿ.

ಇದಕ್ಕೆ ನಿಮ್ಮ ವಿಷಯದಲ್ಲೇ ಒಂದು ಪ್ರಯೋಗ ಇದೆ. 2013ರಲ್ಲಿ ಕಾರ್ಲ್ ಸ್ಪುನಾರ್ ಮತ್ತು ಜೊತೆಗಾರರು ಸಂಖ್ಯಾಶಾಸ್ತ್ರದ ಒಂದು 21 ನಿಮಿಷದ ವಿಡಿಯೋ ಪಾಠವನ್ನು ನಾಲ್ಕು ಭಾಗ ಮಾಡಿ ತೋರಿಸಿದರು. ಒಂದು ಗುಂಪಿಗೆ ಪ್ರತಿ ಭಾಗದ ನಂತರವೂ ಆಗ ನೋಡಿದ್ದರ ಮೇಲೆ ಪುಟ್ಟ ಪರೀಕ್ಷೆ. ಉಳಿದವರಿಗೆ ಕೊನೆಯ ಭಾಗ ಮುಗಿಯುವವರೆಗೂ ಪರೀಕ್ಷೆ ಇಲ್ಲ. ನಡುನಡುವೆ ಪ್ರಶ್ನೆ ಎದುರಿಸಿದವರಲ್ಲಿ ಮನಸ್ಸು ಅತ್ತಿತ್ತ ಹೋಗೋದು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು, ನೋಟ್ಸ್ ಬರೆಯೋದು ಹೆಚ್ಚಾಯಿತು, ಕೊನೆಯ ಪರೀಕ್ಷೆಯಲ್ಲೂ ಅವರೇ ಮುಂದೆ. ಕೊನೆಯ ಪರೀಕ್ಷೆ ಬಗ್ಗೆ ಅವರಿಗೆ ಭಯವೂ ಕಮ್ಮಿ ಇತ್ತು. ಪ್ರಶ್ನೆ ಕೇಳಿದರೆ ಮಕ್ಕಳು ಹೆದರಿಕೊಳ್ಳುತ್ತಾರೆ ಅನ್ನುವವರಿಗೆ ನಾನು ಇದನ್ನೇ ತೋರಿಸೋದು.

ಇನ್ನು ನಿಮ್ಮ ಮಕ್ಕಳಿಗೆ ಆಗಿರೋದು ಏನು ಅಂತ ನನ್ನ ಊಹೆ ಹೇಳುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ವಿಡಿಯೋ ನೋಡುವಾಗ ನಿಜವಾಗಿಯೂ ಎಲ್ಲಾ ಅರ್ಥ ಆಗುತ್ತೆ ಅವರಿಗೆ. ನೀವು ಚೆನ್ನಾಗಿ ಪಾಠ ಮಾಡಿದಷ್ಟೂ ಜಾಸ್ತಿ ಅರ್ಥ ಆದ ಹಾಗೆ ಅನ್ನಿಸುತ್ತೆ. ಅಡ್ಡಿ ಬಂದರೆ ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡುತ್ತಾರೆ, ಆಗ ಇನ್ನೂ ಗಟ್ಟಿಯಾಗಿ ಅನ್ನಿಸುತ್ತೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಇದನ್ನ ಅಳೆದು ತೋರಿಸಿದ್ದರು. ಒಂದು ಗದ್ಯಭಾಗ ಕೊಟ್ಟು, ಒಂದಷ್ಟು ಜನರಿಂದ ಅದನ್ನೇ ಮತ್ತೆ ಓದಿಸಿದರು. ಇನ್ನೊಂದಷ್ಟು ಜನ ಪುಟ ಮುಚ್ಚಿ, ನೆನಪಿದ್ದದ್ದನ್ನು ಬರೆಯಬೇಕು. 5 ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಮತ್ತೆ ಓದಿದವರದ್ದೇ ಮೇಲುಗೈ, ಶೇ. 81ಕ್ಕೆ ಎದುರು ಶೇ. 75. ಒಂದು ವಾರ ಬಿಟ್ಟು ನೋಡಿದರೆ ಲೆಕ್ಕ ತಲೆಕೆಳಗು: ಮತ್ತೆ ಓದಿದವರು ಶೇ. 42, ಪುಟ ಮುಚ್ಚಿ ಬರೆದವರು ಶೇ. 56.

ವಿಡಿಯೋ ಪಾಠದಲ್ಲಿ ಪುಟ ಮುಚ್ಚುವ ಹೆಜ್ಜೆಯೇ ಇಲ್ಲ ನೋಡಿ. ಕ್ಲಾಸಿನಲ್ಲಿ ನೀವು ಸುಮ್ನೆ ಹಿಂದೆ ತಿರುಗಿ "ಏನಮ್ಮಾ, ಮುಂದಿನ ಹೆಜ್ಜೆ ಏನು?" ಅಂತ ಕೇಳುತ್ತಿದ್ದಿರಲ್ಲ, ಆ ನಾಲ್ಕು ಸೆಕೆಂಡು ಎಲ್ಲರ ತಲೆಯೂ ಓಡುತ್ತಿತ್ತು. ಉತ್ತರ ಹೇಳಿದ್ದು ಒಬ್ಬಳೇ ಇರಬಹುದು. ರೆಕಾರ್ಡಿಂಗ್ ಎಡಿಟ್ ಮಾಡುವಾಗ ನಮ್ಮಂಥವರು ಮೊದಲು ಕತ್ತರಿಸಿ ಬಿಸಾಕೋದೇ ಆ ನಾಲ್ಕು ಸೆಕೆಂಡು. ಮೌನ ಅಲ್ವಾ, ಬೇಸರ ಬರುತ್ತೆ ಅಂತ.

ಹಾಗಾಗಿ ನಿಮ್ಮ 4-5-6 ಪ್ರಶ್ನೆಯನ್ನೇ ತಗೊಂಡು ಹೇಳುತ್ತೇನೆ. ಸೂತ್ರ ತೋರಿಸೋದಕ್ಕೆ ಮುಂಚೆಯೇ ಆ ಎರಡು ಗುಂಪು ಪರದೆ ಮೇಲೆ ಇಡಿ. ವಿಡಿಯೋ ನಿಲ್ಲಲಿ. ಆಯ್ಕೆಗಳನ್ನು ನೀವು ಕೂತು ಊಹಿಸಬೇಡಿ, ಮಕ್ಕಳು ಚಾಟ್‌ನಲ್ಲಿ ಕೊಟ್ಟ ತಪ್ಪು ಉತ್ತರವನ್ನೇ ಒಂದು ಆಯ್ಕೆ ಮಾಡಿ: "ಎರಡೂ ಒಂದೇ, ಯಾಕೆಂದರೆ ಸರಾಸರಿ ಒಂದೇ". ಅದನ್ನು ಒತ್ತಿದವರಿಗೆ "ತಪ್ಪು" ಅನ್ನೋ ಕೆಂಪು ಗುರುತು ಬೇಡ. "ಹಾಗಾದರೆ 5, 5, 5 ಅಂತ ಮೂರನೇ ಗುಂಪು ಇದ್ದರೆ ಅದೂ ಒಂದೇನಾ?" ಅಂತ ಇನ್ನೊಂದು ಪ್ರಶ್ನೆ ಬರಲಿ. ಆಮೇಲೆ ಹಾಳೆ ಪೆನ್ನು ತಗೊಳ್ಳಿ ಅನ್ನಿ, ಕೈಯಲ್ಲಿ ಒಂದು ಸಲ ಮಾಡಿಸಿ. ಆಮೇಲೆ ಬೇಕಾದರೆ ಸೂತ್ರ.

ಕೊನೆಗೊಂದು, ಯಾರೂ ಕೇಳಲ್ಲ ಆದರೂ ಹೇಳುತ್ತೇನೆ. ಕ್ಯಾಮೆರಾಗೆ ಹಾಕೋ ದುಡ್ಡನ್ನು ಮೈಕಿಗೆ ಹಾಕಿ. ಚಿತ್ರ ಮಸುಕಾದರೆ ಜನ ತಡೆದುಕೊಳ್ಳುತ್ತಾರೆ. ಮಾತು ಗುಂಯ್‌ಗುಟ್ಟಿದರೆ ಎದ್ದು ಹೋಗುತ್ತಾರೆ.

ಉತ್ತರ: ರಾತ್ರಿಪಾಳಿ

ನಾನು ಇನ್ನೊಂದು ಕಡೆಯವ. ರಾತ್ರಿ ಕೆಲಸ, ಹಗಲು ನಿದ್ದೆ, ನಡುವೆ ಸಿಕ್ಕ ಹೊತ್ತಿನಲ್ಲಿ ಆನ್‌ಲೈನ್ ಡಿಗ್ರಿ. ಮೇಲಿನವರು ಹೇಳಿದ್ದೆಲ್ಲಾ ಒಪ್ಪುತ್ತೇನೆ, ಆದರೆ ಓದುತ್ತಾ ಓದುತ್ತಾ ರೆಕಾರ್ಡಿಂಗ್ ಅನ್ನೋದೇ ಒಂದು ಕಾಯಿಲೆ ಅನ್ನೋ ಹಾಗೆ ಕಾಣಿಸಿತು. ನನ್ನಂಥವರಿಗೆ ಅದೇ ಕಾಲೇಜು ಸರ್. ಹಗಲು ಹತ್ತು ಗಂಟೆಗೆ ಲೈವ್ ಇಟ್ಟರೆ ನನಗೆ ಅದು ನಡುರಾತ್ರಿ.

ಕ್ಯಾಮೆರಾ ಕಡ್ಡಾಯ ಮಾತ್ರ ದಯವಿಟ್ಟು ತರಬೇಡಿ. ನಾನು ಕೂತು ಕೇಳೋ ಕೋಣೆಯಲ್ಲಿ ಇನ್ನಿಬ್ಬರು ಮಲಗಿರುತ್ತಾರೆ. ಕ್ಯಾಮೆರಾ ಹಾಕಿದರೆ ಅವರೂ ನಿಮ್ಮ ಕ್ಲಾಸಿಗೆ ಸೇರುತ್ತಾರೆ. ನೆಟ್‌ವರ್ಕ್ ಸಣ್ಣಗಿದ್ದಾಗ ನನ್ನ ಮುಖ ಮೇಲಕ್ಕೆ ಕಳಿಸೋದರಲ್ಲೇ ಅದರ ಉಸಿರು ಹೋಗಿರುತ್ತೆ, ನಿಮ್ಮ ಮಾತು ತುಂಡು ತುಂಡಾಗಿ ಬರುತ್ತೆ. ಇನ್ನು ಸುಸ್ತಿನ ವಿಷಯ. ಸ್ಟ್ಯಾನ್‌ಫರ್ಡ್‌ನ ಜೆರೆಮಿ ಬೇಲೆನ್ಸನ್ 2021ರಲ್ಲಿ ವಿಡಿಯೋ ಕರೆಯ ಸುಸ್ತಿಗೆ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದು, ಇಡೀ ಹೊತ್ತು ನಮ್ಮ ಮುಖ ನಾವೇ ನೋಡುತ್ತಾ ಕೂರೋದು. ಕನ್ನಡಿ ಹಿಡಿದುಕೊಂಡು ಯಾರಾದರೂ ಪಾಠ ಕೇಳುತ್ತಾರಾ? ಹಾಕಲೇಬೇಕು ಅಂತಿದ್ದರೆ ಸ್ವಂತ ಮುಖ ಮರೆಮಾಡುವ ಆಯ್ಕೆ ಎಲ್ಲಿದೆ ಅಂತಾದರೂ ಮೊದಲ ದಿನ ಹೇಳಿಕೊಡಿ.

ಚಾಟ್‌ನಲ್ಲಿ ಉತ್ತರ ಬಂದಿದೆ ಅಂದಿರಲ್ಲ ಸರ್, ತಪ್ಪೋ ಸರಿಯೋ, ಅವರೆಲ್ಲಾ ಅಲ್ಲಿ ಇದ್ದಾರೆ ಅಂತ ಆಯಿತಲ್ಲ. ಮುಖ ಕಂಡು ಇನ್ನೇನು ಆಗಬೇಕು?

ನಾನು ವಿಡಿಯೋ ನೋಡೋದು ಎರಡು ಪಟ್ಟು ವೇಗದಲ್ಲಿ. ಅದನ್ನೂ ಕೆಲವು ಮೇಷ್ಟ್ರು ಬೈಯುತ್ತಾರೆ. ಅದರ ಮೇಲೂ ಸಂಶೋಧನೆ ಆಗಿದೆ: ಎರಡು ಪಟ್ಟು ವೇಗದವರೆಗೂ ಅಂಥ ನಷ್ಟ ಕಾಣಲಿಲ್ಲ, ಅದಕ್ಕಿಂತ ಮೇಲೆ ಹೋದರೆ ಗ್ರಹಿಕೆ ಇಳಿಯುತ್ತೆ ಅಂತ ಬಂತು. ಒಂದು ಸಲ ವೇಗವಾಗಿ ನೋಡಿ, ಪರೀಕ್ಷೆಗೆ ಸ್ವಲ್ಪ ಮುಂಚೆ ಇನ್ನೊಂದು ಸಲ ಹಾಗೇ ವೇಗವಾಗಿ ನೋಡಿದವರು, ನಿಧಾನಕ್ಕೆ ಒಂದೇ ಸಲ ನೋಡಿದವರಿಗಿಂತ ಚೆನ್ನಾಗಿ ಮಾಡಿದರು. ನಾನಂತೂ ಕಥೆ ಹೇಳುವ ಭಾಗ ವೇಗವಾಗಿ ಓಡಿಸಿ, ಲೆಕ್ಕ ಬಂದಾಗ ನಿಲ್ಲಿಸಿ ಬರೆದುಕೊಳ್ಳುತ್ತೇನೆ. ಹಾಗಾಗಿ ನಿಮ್ಮ ಗ್ರಾಫ್‌ನಲ್ಲಿ ನಾನು ಹುಚ್ಚನ ಹಾಗೆ ಕಾಣಬಹುದು.

ಇನ್ನೊಂದು ಮಾತು. ಆನ್‌ಲೈನ್‌ನಲ್ಲಿ ಯಾರೂ ಕೋರ್ಸ್ ಮುಗಿಸಲ್ಲ ಅಂತ ಎಲ್ಲರೂ ಹಾಡುತ್ತಾರೆ. ಅಮೆರಿಕದ ಎಂಐಟಿಯ ಜಸ್ಟಿನ್ ರೈಶ್ ಮತ್ತು ಜೊತೆಗಾರರೊಬ್ಬರು 2019ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕೊಟ್ಟ ಲೆಕ್ಕ ಅದಕ್ಕೆ ಆಧಾರ. ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್‌ನಲ್ಲಿ ನಡೆಸಿದ ಮುಕ್ತ ಕೋರ್ಸುಗಳಲ್ಲಿ 2017-18ರಲ್ಲಿ ಮುಗಿಸಿದವರು ಶೇ. 3.13. ಸರಿ. ಆದರೆ ಅದೇ ಲೇಖನದಲ್ಲಿ, ದುಡ್ಡು ಕಟ್ಟಿ ಪ್ರಮಾಣಪತ್ರಕ್ಕೆ ಸೇರಿದವರಲ್ಲಿ ಮುಗಿಸಿದವರು ಶೇ. 46. ಸುಮ್ನೆ ಇಣುಕಿ ನೋಡೋಕೆ ಹೆಸರು ಕೊಟ್ಟವರನ್ನೂ ಸೇರಿಸಿ ಭಾಗಿಸಿದರೆ ಯಾವ ಗ್ರಂಥಾಲಯವಾದರೂ ಫೇಲ್ ಆಗುತ್ತೆ. ನನಗೆ ಒಂದು ಕೋರ್ಸಿನಿಂದ ಎರಡನೇ ವಾರದ ಪಾಠವೊಂದೇ ಬೇಕಿತ್ತು, ಕಲಿತು ಬಂದೆ. ಅವರ ಲೆಕ್ಕದಲ್ಲಿ ನಾನು ಬಿಟ್ಟು ಹೋದವ.

ಬೇಡಿಕೆ ಇಷ್ಟೇ ಸರ್. ವಿಡಿಯೋ ಡೌನ್‌ಲೋಡ್ ಮಾಡಿಕೊಳ್ಳೋಕೆ ಬಿಡಿ. ಮಾತು ಮಾತ್ರ ಇರೋ ಫೈಲ್ ಒಂದು ಹಾಕಿ, ಬಸ್ಸಿನಲ್ಲಿ ಕೇಳುತ್ತೇನೆ. ಲೈವ್‌ಗೆ ಹಾಜರಿಗೆ ಅಂಕ ಇಟ್ಟರೆ, ಬರಲಾಗದವರಿಗೂ ಅಷ್ಟೇ ಅಂಕದ ಬೇರೆ ದಾರಿ ಇಡಿ.

ಉತ್ತರ: ಕಿವಿಯಲ್ಲಿ_ಓದುವವಳು

ನನಗೆ ಕಣ್ಣು ಕಾಣುವುದಿಲ್ಲ. ಪರದೆ ಮೇಲಿದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುತ್ತೇನೆ. ಸಂಖ್ಯಾಶಾಸ್ತ್ರವನ್ನೂ ಹಾಗೇ ಓದಿದವಳು, ಅದಕ್ಕೇ ಈ ಚರ್ಚೆಗೆ ಬಂದೆ.

ಮೇಷ್ಟ್ರೇ, ನಿಮ್ಮ ವಿಡಿಯೋ ನಾನು ನೋಡಿಲ್ಲ, ಆದರೂ ಅದರಲ್ಲಿ ಈ ವಾಕ್ಯ ಇದ್ದೇ ಇರುತ್ತೆ ಅಂತ ಪಣ ಕಟ್ಟುತ್ತೇನೆ: "ಈಗ ಇದನ್ನ ತಗೊಂಡು ಇಲ್ಲಿ ಹಾಕಿ, ಇದರಿಂದ ಇದನ್ನ ಕಳೆದರೆ ಇದು ಬರುತ್ತೆ." ನನ್ನ ಕಿವಿಗೆ ಬೀಳೋದು ಇದು, ಇದು, ಇದು. ಅದೇ ಜಾಗದಲ್ಲಿ "9ರಿಂದ ಸರಾಸರಿ 5 ಕಳೆಯಿರಿ, 4 ಉಳಿಯಿತು, ಅದನ್ನು ವರ್ಗ ಮಾಡಿ 16" ಅಂದರೆ ನನಗೆ ಪಾಠ ಪೂರ್ತಿ ಸಿಗುತ್ತೆ. ಬಸ್ಸಿನಲ್ಲಿ ಕೇಳುತ್ತೇನೆ ಅಂದ ರಾತ್ರಿಪಾಳಿಯವರಿಗೂ ಸಿಗುತ್ತೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಬಾಯಿ ಸಾಕು.

ಸಾಫ್ಟ್‌ವೇರ್ ಬೇಕಾಗೋದು ಸೂತ್ರ ಹಾಕುವಾಗ. ಸೂತ್ರದ ಫೋಟೋ ತೆಗೆದು ಅಂಟಿಸಿದರೆ ನನ್ನ ಸ್ಕ್ರೀನ್ ರೀಡರ್ "ಇಮೇಜ್" ಅಂತ ಹೇಳಿ ಮುಂದೆ ಹೋಗುತ್ತೆ. ಕೆಲವು ಸಲ ಫೈಲಿನ ಹೆಸರು ಓದುತ್ತೆ, ಐಎಂಜಿ ಆಮೇಲೆ ಒಂದು ರಾಶಿ ಸಂಖ್ಯೆ. ನಾನು ಮೊದಮೊದಲು ಅದನ್ನೇ ಲೆಕ್ಕದ ಭಾಗ ಅಂದುಕೊಂಡು ಕೂಡಿಸೋಕೆ ಹೋದದ್ದೂ ಉಂಟು, ನಗಬಹುದು. ಕೈಬರಹದ ನೋಟ್ಸ್ ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ನನಗೆ ಖಾಲಿ ಹಾಳೆ. ಅದೇ ಸೂತ್ರವನ್ನು ಲೇಟೆಕ್‌ನಲ್ಲಿ (ಗಣಿತ ಟೈಪ್ ಮಾಡುವ ವ್ಯವಸ್ಥೆ) ಟೈಪ್ ಮಾಡಿ, ವೆಬ್ ಪುಟದಲ್ಲಿ ಮ್ಯಾಥ್‌ಎಂಎಲ್ ಆಗಿ, ಅಂದರೆ ಸ್ಕ್ರೀನ್ ರೀಡರ್ ಓದಬಲ್ಲ ಗಣಿತದ ರೂಪದಲ್ಲಿ, ಬರುವ ಹಾಗೆ ಮಾಡಿದರೆ, "ವರ್ಗಮೂಲದ ಒಳಗೆ ಭಿನ್ನರಾಶಿ, ಅಂಶದಲ್ಲಿ ಮೊತ್ತ" ಅನ್ನೋ ಧಾಟಿಯಲ್ಲಿ ತುಂಡು ತುಂಡಾಗಿ ಒಳಗೆ ಇಳಿದು ಕೇಳಬಹುದು. ಬೇಕಾದ ತುಂಡಿಗೆ ವಾಪಸ್ ಹೋಗಬಹುದು. ಬೋರ್ಡಿನ ಕಾಲದಲ್ಲಿ ನನಗೆ ಇದು ಇರಲೇ ಇಲ್ಲ. ಪಕ್ಕದಲ್ಲಿ ಕೂತವಳು ಪಿಸುಗುಟ್ಟಿದಷ್ಟೇ ನನ್ನ ಪಾಠ. ಹಾಗಾಗಿ ಹಳೇ ಕಾಲದ ಹಾಡು ನನ್ನ ಹತ್ತಿರ ಯಾರೂ ಹಾಡಲ್ಲ.

ಕತ್ತರಿ ಕೆಲಸದವರಿಗೆ ಒಂದು ಮಾತು. ವಿಡಿಯೋ ನಿಲ್ಲಿಸಿ ಪ್ರಶ್ನೆ ತರೋದು ಒಳ್ಳೇ ಉಪಾಯ, ಆದರೆ ಪ್ರಶ್ನೆ ಪರದೆ ಮೇಲೆ ಬಂದದ್ದು ನನಗೆ ಗೊತ್ತಾಗಬೇಕಲ್ಲ. ಮಾತು ನಿಂತಿತು, ನೆಟ್ ಹೋಯಿತು ಅಂತ ನಾನು ಕಾಯುತ್ತಾ ಕೂತಿರುತ್ತೇನೆ, ಅಲ್ಲಿ ಟೈಮರ್ ಓಡುತ್ತಿರುತ್ತೆ. "ಈಗ ಒಂದು ಪ್ರಶ್ನೆ" ಅಂತ ಮೇಷ್ಟ್ರು ಬಾಯಲ್ಲಿ ಹೇಳಲಿ, ಪ್ರಶ್ನೆಯನ್ನೂ ಓದಲಿ. ಎಳೆದು ಹೊಂದಿಸುವ ಪ್ರಶ್ನೆ ಬೇಡ, ಕೀಬೋರ್ಡಿನಲ್ಲಿ ಆರಿಸುವಂತಿರಲಿ. ತಾನಾಗಿ ಬರುವ ಕ್ಯಾಪ್ಷನ್ ಒಂದು ಸಲ ತಿದ್ದಿಸಿ. ಕಿವಿ ಕೇಳದವರಿಗೆ ಅದೇ ಪಾಠ, ಅದರಲ್ಲಿ "ಮೀನ್" (ಸರಾಸರಿ) ಮತ್ತು "ಮೀಡಿಯನ್" (ನಡುವಿನ ಅಂಕ) ಅದಲುಬದಲಾದರೆ ಮುಗಿಯಿತು.

ಉತ್ತರ: ಗಣಿತದ_ಟೀಚರ್

ಹೈಸ್ಕೂಲಿನಲ್ಲಿ ಗಣಿತ ಮಾಡುತ್ತೇನೆ. ನಿಮ್ಮ ಮೂರನೇ ಪ್ರಶ್ನೆಗೆ ಮಾತ್ರ ಬರುತ್ತೇನೆ.

ಎಐ ಬಳಸಿದರೆ ಸೊನ್ನೆ ಅನ್ನೋದು ಹೇಳೋಕೆ ಸುಲಭ ಸರ್, ಬಳಸಿದ್ದಾನೆ ಅಂತ ತೋರಿಸೋದು ಹೇಗೆ? ಪತ್ತೆ ಮಾಡೋ ಸಾಧನಗಳ ಮೇಲೆ ಭಾರ ಹಾಕಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಸಾಧನ ಬಿಟ್ಟು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತಗೊಂಡಿತು. ಅದೇ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ತಾವೇ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಜಾಸ್ತಿಯನ್ನು ಆ ಸಾಧನಗಳು ಯಂತ್ರ ಬರೆದದ್ದು ಅಂದವು. ಸರಳವಾಗಿ ಬರೆಯೋದೇ ಅಪರಾಧ ಆದ ಹಾಗೆ. ನಿರಪರಾಧಿ ಹುಡುಗಿಯೊಬ್ಬಳನ್ನು ನಿಲ್ಲಿಸಿ ವಿಚಾರಣೆ ಮಾಡುವ ಕೆಲಸ ನಮಗೆ ಬೇಕಾ?

ಹಾಗಂತ ಬಿಟ್ಟುಬಿಡಿ ಅಂತಲೂ ಅಲ್ಲ. ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ನಡೆದ ಪ್ರಯೋಗ ನಮ್ಮಂಥವರಿಗೇ ಮಾಡಿದ ಹಾಗಿದೆ. ಗಣಿತದ ಅಭ್ಯಾಸದ ಹೊತ್ತಿನಲ್ಲಿ ಒಂದು ಗುಂಪಿಗೆ ಮಾಮೂಲಿ ಚಾಟ್‌ಬಾಟ್ ಕೊಟ್ಟರು. ಇನ್ನೊಂದಕ್ಕೆ, ಪೂರ್ತಿ ಉತ್ತರ ಕೊಡದೆ ಸುಳಿವು ಮಾತ್ರ ಕೊಡುವ ಹಾಗೆ ಶಿಕ್ಷಕರು ಕಟ್ಟಿಹಾಕಿದ ಚಾಟ್‌ಬಾಟ್. ಮೂರನೇ ಗುಂಪಿಗೆ ಪುಸ್ತಕ, ನೋಟ್ಸ್ ಅಷ್ಟೇ. ಅಭ್ಯಾಸದಲ್ಲಿ ಮಾಮೂಲಿ ಚಾಟ್‌ಬಾಟ್‌ನವರು ಪುಸ್ತಕದವರಿಗಿಂತ ಶೇ. 48 ಮೇಲೆ. ಆಮೇಲೆ ಎಲ್ಲಾ ಕಿತ್ತುಕೊಂಡು ಪರೀಕ್ಷೆ ಇಟ್ಟರು. ಅದೇ ಗುಂಪು ಶೇ. 17 ಕೆಳಗೆ. ಸುಳಿವಿನ ಗುಂಪಿಗೆ ಈ ನಷ್ಟ ಹೆಚ್ಚುಕಮ್ಮಿ ಆಗಲಿಲ್ಲ, ಅಭ್ಯಾಸದಲ್ಲಂತೂ ಅವರದ್ದು ಶೇ. 127 ಮೇಲೆ. ನನ್ನ ತಲೆ ಕೆಡಿಸಿದ್ದು ಇದಲ್ಲ. ಕೆಳಗೆ ಹೋದ ಮಕ್ಕಳಿಗೆ ತಾವು ಕೆಳಗೆ ಹೋಗಿದ್ದೇವೆ ಅಂತಲೇ ಅನ್ನಿಸಿರಲಿಲ್ಲ. ಕತ್ತರಿ ಕೆಲಸದವರು ವಿಡಿಯೋ ಬಗ್ಗೆ ಹೇಳಿದ್ದೇ ಇಲ್ಲೂ ಇದೆ, ಅಲ್ವಾ?

ನಾನು ಈಗ ಹೋಂವರ್ಕ್‌ಗೆ ಅಂಕ ಕೊಡೋದೇ ಬಿಟ್ಟಿದ್ದೇನೆ. ಉತ್ತರವನ್ನು ನಾನೇ ಕೊಡುತ್ತೇನೆ, ಅದರಲ್ಲಿ ಒಂದು ಹೆಜ್ಜೆ ಬೇಕಂತಲೇ ತಪ್ಪಿಟ್ಟು. ವ್ಯತ್ಯಾಸಗಳನ್ನು ವರ್ಗ ಮಾಡದೆ ಹಾಗೇ ಕೂಡಿಸಿದ ಲೆಕ್ಕ ಕೊಡಿ ನಿಮ್ಮವರಿಗೆ. ಯಾವ ಗುಂಪು ಕೊಟ್ಟರೂ ಮೊತ್ತ ಸೊನ್ನೆ ಬರುತ್ತೆ. ಯಾಕೆ ಅಂತ ಚಾಟ್‌ಬಾಟ್‌ನ ಕೇಳಿಕೊಂಡೇ ಬರಲಿ, ಪರವಾಗಿಲ್ಲ. ಲೈವ್‌ನಲ್ಲಿ ಯಾರನ್ನಾದರೂ ಕರೆದು ಎರಡು ನಿಮಿಷ ಬಾಯಲ್ಲಿ ವಿವರಿಸು ಅನ್ನಿ. ಯಾರು ಅರ್ಥ ಮಾಡಿಕೊಂಡು ಬಂದಿದ್ದಾರೆ ಅನ್ನೋದು ಮೊದಲ ವಾಕ್ಯದಲ್ಲೇ ಗೊತ್ತಾಗುತ್ತೆ.

ಸರಾಸರಿ_ಮೇಷ್ಟ್ರು (ಪ್ರಶ್ನೆ ಕೇಳಿದವರು)

ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಕ್ಯಾಮೆರಾ ನಿಯಮ ಇಲ್ಲ, ಮುಗಿಯಿತು. ಗ್ರಾಫ್ ತೆಗೆದು ನೋಡಿದೆ. ಗುಡ್ಡ ಇದೆ, ಆದರೆ ವರ್ಗ ಮಾಡುವಲ್ಲಿ ಅಲ್ಲ. "ಎಲ್ಲಾ ಕೂಡಿಸಿ" ಅನ್ನೋ ಸಿಗ್ಮಾ ಚಿಹ್ನೆ ಮೊದಲ ಸಲ ಬರುವಲ್ಲಿ. ಅದನ್ನು ಹಿಂದಿನ ವರ್ಷವೇ ಕಲಿತಿರುತ್ತಾರೆ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗಿದ್ದೇನೆ. "ಇದು ಇಲ್ಲಿ ಹಾಕಿ" ಕೂಡ ಇದೆ ಮೇಡಂ, ಪಣ ನೀವೇ ಗೆದ್ದಿರಿ. ಆ ಪಾಠವನ್ನು ಮತ್ತೆ ರೆಕಾರ್ಡ್ ಮಾಡುತ್ತೇನೆ, ಸೂತ್ರಗಳನ್ನು ಟೈಪ್ ಮಾಡಿ ಹಾಕುತ್ತೇನೆ.

ಟೀಚರ್ ಹೇಳಿದ ಬಾಯಿಮಾತಿನ ಪರೀಕ್ಷೆ ಮಾತ್ರ ನನಗೆ ಪೂರ್ತಿ ಆಗಲ್ಲ. ನನ್ನ ಕ್ಲಾಸಿನ ಗಾತ್ರಕ್ಕೆ ಎಲ್ಲರಿಗೂ ಎರಡೆರಡು ನಿಮಿಷ ಅಂದರೂ ಸೆಮಿಸ್ಟರ್ ಸಾಲದು. ದಿನಕ್ಕೆ ಮೂರ್ನಾಲ್ಕು ಜನರನ್ನು ಚೀಟಿ ಎತ್ತಿ ಕರೆಯಬಹುದು ಅಷ್ಟೇ.

ಇನ್ನೊಂದು ಅನುಮಾನ. ವಿಡಿಯೋ ನಡುವಿನ ಪ್ರಶ್ನೆಗೆ ಅಂಕ ಇಟ್ಟರೆ ಉತ್ತರಗಳು ಅರ್ಧ ಗಂಟೆಯಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಇರುತ್ತವೆ. ಅಂಕ ಇಡದಿದ್ದರೆ ಯಾರೂ ಮುಟ್ಟಲ್ಲ. ಏನು ಮಾಡೋದು?

ಉತ್ತರ: ಕತ್ತರಿ_ಕೆಲಸ

ಸಣ್ಣ ಅಂಕ ಇಡಿ, ಉತ್ತರ ಕೊಟ್ಟದ್ದಕ್ಕೆ ಮಾತ್ರ. ಸರಿ ತಪ್ಪು ನೋಡಬೇಡಿ. ತಪ್ಪು ಹೇಳಿದರೆ ಏನೂ ಕಳೆದುಕೊಳ್ಳೋದಿಲ್ಲ ಅಂತ ಗೊತ್ತಾದರೆ ಕದಿಯೋ ಶ್ರಮ ಯಾರು ತಗೊಳ್ಳುತ್ತಾರೆ?

ಲೆಕ್ಕದ ಪ್ರಶ್ನೆಗಳಿಗೆ ಇನ್ನೊಂದು ದಾರಿ ಇದೆ. ನಿಮ್ಮ ಕಾಲೇಜಿನ ಸಿಸ್ಟಮ್ ಮೂಡಲ್ ಅನ್ನೋ ಸಾಫ್ಟ್‌ವೇರ್ ಆಗಿದ್ದರೆ ಅದರಲ್ಲಿ "ಕ್ಯಾಲ್ಕುಲೇಟೆಡ್" ಅಂತ ಒಂದು ಪ್ರಶ್ನೆ ಬಗೆ ಇದೆ. ಸಂಖ್ಯೆಗಳ ಜಾಗದಲ್ಲಿ ಅಕ್ಷರ ಇಟ್ಟು, ಉತ್ತರದ ಸೂತ್ರ ಕೊಟ್ಟರೆ ಸಾಕು. ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹೋಗುತ್ತೆ. ಗ್ರೂಪಿನಲ್ಲಿ ಉತ್ತರ ಹಂಚಿಕೊಂಡು ಉಪಯೋಗ ಇಲ್ಲ, ಹಂಚಿಕೊಳ್ಳಬೇಕಾದರೆ ವಿಧಾನವನ್ನೇ ಹಂಚಿಕೊಳ್ಳಬೇಕು. ಅದು ಆದರೆ ಒಳ್ಳೇದೇ.

ಒಂದು ಎಚ್ಚರಿಕೆ. ಇದನ್ನು ಮೊದಲ ಸಲ ಬಿಟ್ಟಾಗ ಗಲಾಟೆ ಆಗೋದು ಯಾವಾಗಲೂ ಒಂದೇ ಕಡೆ. ಎನ್‌ನಿಂದ (ಎಷ್ಟು ಅಂಕಗಳಿವೆಯೋ ಆ ಸಂಖ್ಯೆಯಿಂದ) ಭಾಗಿಸಬೇಕಾ, ಎನ್ ಮೈನಸ್ ಒಂದರಿಂದಲಾ? ಕ್ಯಾಲ್ಕುಲೇಟರ್ ಎರಡನ್ನೂ ಕೊಡುತ್ತೆ. ನಿಮ್ಮ 4, 5, 6ಕ್ಕೆ ಒಂದರಲ್ಲಿ 0.816 ಬರುತ್ತೆ, ಇನ್ನೊಂದರಲ್ಲಿ ಸರಿಯಾಗಿ 1. ಯಾವುದು ಬೇಕು ಅಂತ ಪ್ರಶ್ನೆಯಲ್ಲೇ ಬರೆಯಿರಿ. ಎಷ್ಟು ದಶಮಾಂಶದವರೆಗೆ ಅಂತಲೂ ಬರೆದು, ಸಿಸ್ಟಮ್‌ನಲ್ಲಿ ಅಷ್ಟು ಹೆಚ್ಚುಕಮ್ಮಿಗೆ ಜಾಗ ಬಿಡಿ. ಇಲ್ಲವಾದರೆ 0.82 ಬರೆದ ಹುಡುಗಿಗೆ ತಪ್ಪು ಬೀಳುತ್ತೆ, ಬೆಳಗ್ಗೆ ನಿಮಗೆ ಫೋನ್ ಬರುತ್ತೆ.